ಮೆಕಾಂಗ್ ಮಡುವಿನ ಪೂರ್ಣಚಂದ್ರ

ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟುವ ಮೆಕಾಂಗ್ ನದಿ ಆರು ದೇಶಗಳನ್ನು ಹಾದು ಸಮುದ್ರ ಸೇರುತ್ತದೆ. ಲಾವೋಸಿನ ಅಂಚಿನಲ್ಲಿ ಖೋನ್ ಜಲಪಾತವನ್ನಿಳಿದು ಕಾಂಬೋಡಿಯಾದ ಸ್ಟಂಗ್ ಟ್ರೆಂಗ್ ಪ್ರಾಂತ್ಯಕ್ಕೆ ಬಂದಾಗ ಅದರ ರೂಪವೇ ಬೇರೆ. ಎಲ್ಲೆಲ್ಲೂ ಕವಲುಗಳು, ನಡುಗಡ್ಡೆಗಳು, ಮಳೆಗಾಲದಲ್ಲಿ ನೀರಿನಲ್ಲೇ ನಿಲ್ಲುವ ಮರಗಳು. ಹೊಳೆಯ ತಳದಲ್ಲಿ ಮಡುಗಳಿವೆ. ಕೆಲವು 80 ಮೀಟರುಗಳಷ್ಟು ಆಳ. ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡ ಮೀನುಗಳಿಗೆ ಇವೇ ಆಸರೆ.

ಇಲ್ಲಿನ ಕೋ ಪ್ರೇಹ್ ಎಂಬ ನಡುಗಡ್ಡೆಯ ಬೆಸ್ತರೊಬ್ಬರಿಗೆ 2022ರ ಜೂನ್ 13ರಂದು ಒಂದು ತೊರಕೆ ಮೀನು ಸಿಕ್ಕಿತು. ನಮ್ಮ ಕರಾವಳಿಯವರಿಗೆ ಪರಿಚಿತವಾದ, ಚಪ್ಪಟೆ ಮೈಯ, ಬಾಲದಲ್ಲಿ ವಿಷದ ಮುಳ್ಳಿರುವ ಮೀನಿನ ಬಳಗದ್ದೇ. ಆದರೆ ಇದರ ವಾಸ ಸಿಹಿನೀರಿನಲ್ಲಿ. ದಡಕ್ಕೆಳೆಯಲು ಹತ್ತು ಹನ್ನೆರಡು ಜನ ಬೇಕಾದರು. ತೂಕ 300 ಕಿಲೋ, ಉದ್ದ ಸುಮಾರು 4 ಮೀಟರ್, ಅಗಲ 2.2 ಮೀಟರ್! ಬೆಲೂಗ ಸ್ಟರ್ಜನ್ ಇದಕ್ಕಿಂತ ದೊಡ್ಡದಾಗಿ ಬೆಳೆಯುತ್ತದಾದರೂ ಅದು ಸಮುದ್ರಕ್ಕೂ ಹೋಗಿಬರುವ ಮೀನು. ಸಿಹಿನೀರಿನಲ್ಲೇ ಬಾಳುವ ಮೀನುಗಳ ಪೈಕಿ ತೂಗಿ ದಾಖಲಿಸಿದ್ದರಲ್ಲಿ ಈ ಹೆಣ್ಣು ತೊರಕೆಯೇ ಮೊದಲು.

ಅದಕ್ಕೂ ಮುಂಚಿನ ದಾಖಲೆ ಇದೇ ನದಿಯದು. 2005ರಲ್ಲಿ ಉತ್ತರ ಥಾಯ್ಲೆಂಡಿನಲ್ಲಿ 293 ಕಿಲೋದ ದೈತ್ಯ ಕ್ಯಾಟ್‌ಫಿಶ್ ಬಲೆಗೆ ಬಿದ್ದಿತ್ತು. ಅದನ್ನು ಮರಳಿ ಬಿಡುವ ಆಸೆ ಕೈಗೂಡಲಿಲ್ಲ. ಮೀನು ಸತ್ತಿತು, ಊರಿನವರ ಊಟವಾಯಿತು.

ಕೋ ಪ್ರೇಹ್‌ನಲ್ಲಿ ಹಾಗಾಗಲಿಲ್ಲ. ಬೆಸ್ತರು ಸಂಶೋಧಕರಿಗೆ ಸುದ್ದಿ ಮುಟ್ಟಿಸಿದರು. ಅಮೆರಿಕದ ಜೀವವಿಜ್ಞಾನಿ ಜೆಬ್ ಹೋಗನ್ ಅವರ ತಂಡ ಕಾಂಬೋಡಿಯಾದ ಮೀನುಗಾರಿಕೆ ಇಲಾಖೆಯೊಡನೆ ನಡೆಸುತ್ತಿದ್ದ ಯೋಜನೆಯವರು ಬಂದು ಮೀನನ್ನು ಅಳೆದರು. ಅದರ ಓಡಾಟ ತಿಳಿಯಲು ಶಬ್ದದ ಸಂಕೇತ ಹೊರಡಿಸುವ ಪುಟ್ಟ ಉಪಕರಣವೊಂದನ್ನು ಜೋಡಿಸಿ ಹೊಳೆಗೆ ಬಿಟ್ಟರು. ಬೆಸ್ತರಿಗೆ ಮಾರುಕಟ್ಟೆ ದರದಂತೆ ಸುಮಾರು 600 ಡಾಲರ್ ಸಂದಿತು. ದುಂಡನೆಯ ಆ ಮೀನಿಗೆ ಇಟ್ಟ ಹೆಸರು ಬೊರಾಮಿ. ಖ್ಮೇರ್ ಭಾಷೆಯಲ್ಲಿ ಹುಣ್ಣಿಮೆಯ ಚಂದ್ರ ಎಂದರ್ಥ.

ಇಷ್ಟು ದೊಡ್ಡ ಮೀನು ಬೆಳೆಯಲು ಹಲವು ವರ್ಷ ಬೇಕು. ಅಷ್ಟೂ ಕಾಲ ಅದು ಬಲೆಗಳಿಂದ ತಪ್ಪಿಸಿಕೊಂಡಿರಬೇಕು, ಹೊಳೆಯೂ ಹರಿಯುತ್ತಿರಬೇಕು. ನದಿ ಸೊರಗಿದಾಗ ಮೊದಲು ಕಾಣೆಯಾಗುವುದು ದೊಡ್ಡ ಮೀನುಗಳೇ. ಮೇಲ್ಭಾಗದಲ್ಲಿ ಚೀನಾ ಮತ್ತು ಲಾವೋಸ್ ಮುಖ್ಯ ನದಿಗೇ ಅಣೆಕಟ್ಟು ಕಟ್ಟಿವೆ. ಗಡಿಯ ಬಳಿಯ ಡಾನ್ ಸಾಹೋಂಗ್ ವಿದ್ಯುದಾಗಾರ 2020ರಲ್ಲಿ ಆರಂಭವಾಯಿತು. ತನ್ನ ನೆಲದ ಮುಖ್ಯ ನದಿಗೆ ಹತ್ತು ವರ್ಷ ಹೊಸ ಅಣೆಕಟ್ಟು ಕಟ್ಟುವುದಿಲ್ಲವೆಂದು ಕಾಂಬೋಡಿಯಾ ಘೋಷಿಸಿದ್ದೂ ಅದೇ ವರ್ಷ.

ವಿದ್ಯುತ್ತೂ ಬೇಕು, ಮೀನೂ ಬೇಕು. ಮೆಕಾಂಗ್ ದಡದ ಲಕ್ಷಾಂತರ ಮನೆಗಳ ಅನ್ನದ ಜೊತೆಗಿರುವುದು ಈ ನದಿಯ ಮೀನೇ. ಬೊರಾಮಿಯಂಥ ಮೀನು ಇನ್ನೂ ಸಿಕ್ಕಿತೆಂದರೆ ಆ ಮಡುಗಳಲ್ಲಿ ಜೀವ ಉಳಿದಿದೆ ಎಂದೇ ಲೆಕ್ಕ. ಅದನ್ನು ಕಾಯಲು ಕಾಲ ಮಿಂಚಿಲ್ಲ.