ಹೊಸೂರು ರಸ್ತೆಗೆ ಇಳಿದ ಹೆಂಗಸರು

2016ರ ಏಪ್ರಿಲ್ 18, ಸೋಮವಾರ. ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿ ಕಡೆ ಓಡುವ ಮೇಲ್ಸೇತುವೆಯ ಕೆಳಗೆ ನಿಂತಿದ್ದೀರಿ. ಕಣ್ಣು ಹಾಯಿಸಿದಷ್ಟು ದೂರವೂ ಹೆಂಗಸರು. ಕೊರಳಲ್ಲಿ ಫ್ಯಾಕ್ಟರಿ ಕಾರ್ಡು, ಹೆಗಲಲ್ಲಿ ಊಟದ ಬ್ಯಾಗು. ದಿನಾ ಈ ಹೊತ್ತಿಗೆ ಒಬ್ಬಳು ಕಾಲರ್ ಹೊಲಿಯುತ್ತಿರುತ್ತಾಳೆ, ಇನ್ನೊಬ್ಬಳು ಕಫ್, ಮತ್ತೊಬ್ಬಳು ದಾರ ಕತ್ತರಿಸುತ್ತಿರುತ್ತಾಳೆ. ಟಾರ್ಗೆಟ್ ಮುಗಿಯದಿದ್ದರೆ ಸೂಪರ್‌ವೈಸರ್ ಬಾಯಿಂದ ಬರುವ ಮಾತನ್ನು ಮನೆಯಲ್ಲಿ ಹೇಳುವಂತಿಲ್ಲ. ಇವತ್ತು ಮಷಿನ್‌ಗಳು ನಿಂತಿವೆ. ಹೊಸೂರು ರಸ್ತೆಯೂ ನಿಂತಿದೆ.

ಮುಂದಾಳು ಯಾರೆಂದು ಹುಡುಕುತ್ತೀರಿ. ಬ್ಯಾನರಿಲ್ಲ, ಮೈಕಿಲ್ಲ, ಯೂನಿಯನ್ ಕರೆ ಕೊಟ್ಟಿಲ್ಲ. ಪಕ್ಕದ ಫ್ಯಾಕ್ಟರಿಯ ಗೇಟು ತೆರೆಯುತ್ತದೆ, ಇನ್ನಷ್ಟು ಜನ ಹೊರಬರುತ್ತಾರೆ. "ಬಾರೇ, ನಿಂದೂ ಪಿಎಫ್ ಹೋಗ್ತದೆ" ಎಂದು ಒಬ್ಬಳು ಗೆಳತಿಯ ಕೈ ಹಿಡಿದು ಎಳೆಯುತ್ತಾಳೆ.

ಫೆಬ್ರವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟವರು ತಮ್ಮ ಪಾಲಿನ ಪಿಎಫ್ ಮಾತ್ರ ತೆಗೆದುಕೊಳ್ಳಬಹುದು. ಮಾಲೀಕರು ಕಟ್ಟಿದ ಪಾಲು ಸಿಗಬೇಕಾದರೆ 58 ವರ್ಷ ತುಂಬಬೇಕು. ಐವತ್ತೆಂಟು! ಹೊಲಿಗೆ ಲೈನಿನಲ್ಲಿ ಆ ವಯಸ್ಸಿನವಳನ್ನು ಯಾರು ಕಂಡಿದ್ದಾರೆ? ಅದಕ್ಕೆ ಎಷ್ಟೋ ವರ್ಷ ಮೊದಲೇ ಸೊಂಟ ಹೋಗಿರುತ್ತದೆ, ಸೂಜಿ ಕಾಣದಷ್ಟು ಕಣ್ಣು ಮಂಜಾಗಿರುತ್ತದೆ. ಅಲ್ಲಿಯವರೆಗೂ ಮಗಳ ಕಾಲೇಜು ಫೀಸು ಕಾಯುವುದಿಲ್ಲ, ಬಡ್ಡಿ ಸಾಲ ಕೊಟ್ಟವನು ಕಾಯುವುದಿಲ್ಲ.

ಸಂಬಳ ಬಂದ ವಾರದಲ್ಲೇ ಬಾಡಿಗೆ, ರೇಷನ್ನು, ಚೀಟಿ, ಗಂಡನ ಕುಡಿತಕ್ಕೆ ಕರಗುತ್ತದೆ. ಪಿಎಫ್ ಒಂದೇ ಯಾರ ಕೈಗೂ ಸಿಗದೆ ಅವಳ ಹೆಸರಿನಲ್ಲಿ ಬೆಳೆಯುವ ದುಡ್ಡು. ಬೈಗುಳ ತಡೆಯಲಾರದ ದಿನ ಕೆಲಸ ಬಿಸಾಡಿ ಹೊರಡುವ ಧೈರ್ಯ ಇರುವುದು ಆ ಹಣದಲ್ಲಿ. ಪೇಪರಿನವರು ಇದನ್ನು ಪಿಎಫ್ ಗಲಾಟೆ ಎಂದರು, ಟಿವಿಯವರು ಟ್ರಾಫಿಕ್ ಜಾಮ್ ತೋರಿಸಿದರು. ಈ ಊರು ಕಂಡ ದೊಡ್ಡ ಮಹಿಳಾ ಹಕ್ಕಿನ ಹೋರಾಟಗಳಲ್ಲಿ ಇದೂ ಒಂದೆಂದು ನಾನು ನಂಬಿದ್ದೇನೆ.

ಮರುದಿನ ಮಂಗಳವಾರ. ತುಮಕೂರು ರಸ್ತೆಗೆ ಬನ್ನಿ. ಪೀಣ್ಯದ ಫ್ಯಾಕ್ಟರಿಗಳೂ ಖಾಲಿಯಾಗಿವೆ. ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸು ಉರಿಯುತ್ತಿದೆ, ಅತ್ತ ಹೆಬ್ಬಗೋಡಿ ಪೊಲೀಸ್ ಠಾಣೆಯ ಮುಂದೆ ವಾಹನಗಳಿಗೆ ಬೆಂಕಿ ಬಿದ್ದಿದೆ. ಕಲ್ಲು ತೂರುವವರಲ್ಲಿ ಫ್ಯಾಕ್ಟರಿಯ ಮುಖ ಕಾಣದ ಗಂಡಸರೂ ಇದ್ದಾರೆ. ಆದರೆ ಅಶ್ರುವಾಯುವಿಗೆ ಕಣ್ಣುರಿ ಎಲ್ಲರಿಗೂ ಒಂದೇ. ಲಾಠಿ ಬೀಸಿದಾಗ ಓಡುತ್ತಾರೆ, ಚಪ್ಪಲಿ ರಸ್ತೆಯಲ್ಲೇ ಉಳಿಯುತ್ತದೆ. ಅಂಗಡಿಯ ಜಗಲಿ ಹತ್ತಿ ಉಸಿರು ತೆಗೆದುಕೊಂಡು, ಸೆರಗು ಸಿಕ್ಕಿಸಿ, ಮತ್ತೆ ಇಳಿಯುತ್ತಾರೆ. ಮೂತ್ರಕ್ಕೆ ಹೋಗಲೂ ಅಪ್ಪಣೆ ಕೇಳಬೇಕಾದ ಹೆಂಗಸರು ದೆಹಲಿಯ ನಿಯಮಕ್ಕೆ ಎದುರು ನಿಂತಿದ್ದಾರೆ.

ಮಧ್ಯಾಹ್ನದ ಮೇಲೆ ಸುದ್ದಿ ಮೊಬೈಲಿಂದ ಮೊಬೈಲಿಗೆ ಹರಿಯುತ್ತದೆ: ನಿಯಮವನ್ನು ಜುಲೈ 31ರವರೆಗೆ ತಡೆಹಿಡಿದಿದ್ದಾರಂತೆ. ಕೆಲವರು ಚಪ್ಪಾಳೆ ತಟ್ಟುತ್ತಾರೆ.

"ಆಮೇಲೆ?" ಎನ್ನುತ್ತಾಳೆ ನಿಮ್ಮ ಪಕ್ಕದವಳು. "ಆಗಸ್ಟ್ ಒಂದನೇ ತಾರೀಕು ಏನು ಮಾಡೋದಕ್ಕಾ?"

ಸಂಜೆಗೆ ಉತ್ತರ ಬಂತು. ಫೆಬ್ರವರಿ 10ರ ಅಧಿಸೂಚನೆಯೇ ರದ್ದು, ಹಳೆಯ ಪದ್ಧತಿಯೇ ಮುಂದುವರಿಯುತ್ತದೆ ಎಂದು ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಪ್ರಕಟಿಸಿದರು. ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಹೆಂಗಸರು ಗೆದ್ದದ್ದು ದೇಶದ ಅಷ್ಟೂ ಪಿಎಫ್ ಖಾತೆದಾರರ ಪಾಲಿಗೆ ಬಂತು, ಮೇಲ್ಸೇತುವೆಯಲ್ಲಿ ಕಾರು ನಿಲ್ಲಿಸಿಕೊಂಡು ಅವರನ್ನು ಬೈದವರಿಗೂ.