ಆಪ್ತಸಾಕ್ಷಿ

ಸಂತೆಯಲ್ಲಿ ಗಡಿಗೆ ಕೊಳ್ಳುವ ಗೃಹಿಣಿ ಅದನ್ನು ಕಣ್ಣಿನಿಂದ ನೋಡಿದ ಮಾತ್ರಕ್ಕೆ ತೃಪ್ತಳಾಗುವುದಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಾಳೆ. ಗಟ್ಟಿ ಗಡಿಗೆಯ ನಾದವೇ ಬೇರೆ, ಬಿರುಕು ಬಿಟ್ಟ ಗಡಿಗೆಯ ಸದ್ದೇ ಬೇರೆ. ಸೇತುವೆ, ವಿಮಾನಗಳನ್ನು ಕಾಯಹೊರಟ ವಿಜ್ಞಾನವೂ ಹಿಡಿದಿರುವುದು ಇದೇ ಹಾದಿಯನ್ನು.

ಇಂತಹ ಎಚ್ಚರ ಏತಕ್ಕೆ ಬೇಕೆಂಬುದನ್ನು ಅಮೆರಿಕದ ಒಹಾಯೊ ನದಿಯ ಮೇಲಿದ್ದ ಸಿಲ್ವರ್ ಬ್ರಿಜ್ ಎಂಬ ಸೇತುವೆ ತೋರಿಸಿಕೊಟ್ಟಿತು. 1928ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆ 1967ರ ಡಿಸೆಂಬರ್ 15ರ ಸಂಜೆ, ವಾಹನಗಳು ಕಿಕ್ಕಿರಿದಿದ್ದ ವೇಳೆಯಲ್ಲಿ, ಕುಸಿದು ನೀರುಪಾಲಾಯಿತು. 46 ಜನ ಅಸುನೀಗಿದರು. ಸೇತುವೆಯನ್ನು ಹೊತ್ತ ಸರಪಣಿಯ ಒಂದು ಉಕ್ಕಿನ ಪಟ್ಟಿಯಲ್ಲಿದ್ದ, ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕೇ ಈ ಅನರ್ಥಕ್ಕೆ ಮೂಲ. ಕೀಲನ್ನು ಬಿಚ್ಚದ ಹೊರತು ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಕಣ್ಣು ಸೋತೆಡೆಯಲ್ಲಿ ನೆರವಾಗಬಲ್ಲ ಗುಣವೊಂದನ್ನು 1880ರಲ್ಲಿಯೇ ಫ್ರಾನ್ಸಿನ ಸೋದರರಾದ ಜಾಕ್ ಮತ್ತು ಪಿಯರ್ ಕ್ಯೂರಿ ಕಂಡುಹಿಡಿದಿದ್ದರು. ಬೆಣಚಿನಂತಹ ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ತೋರುತ್ತದೆ. ಅವಕ್ಕೆ ವಿದ್ಯುತ್ತನ್ನು ಕೊಟ್ಟರೆ ಅವು ಹಿಗ್ಗಿ ಕುಗ್ಗುತ್ತವೆ. ಇದನ್ನು ಪೀಜೋ ವಿದ್ಯುತ್ ಎನ್ನುವರು. ಒತ್ತು ಎಂಬರ್ಥದ ಆ ಗ್ರೀಕ್ ಪದ ಸಂಸ್ಕೃತದ ‘ಪೀಡ್’ ಧಾತುವಿಗೆ ಸೋದರಸಂಬಂಧಿ. ಆದುದರಿಂದ ಪೀಡನವಿದ್ಯುತ್ ಎಂದರೂ ಒಪ್ಪುತ್ತದೆ. ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಆಕ್ಸೈಡುಗಳಿಂದಾದ ಪಿಂಗಾಣಿಯ ತೆಳುಬಿಲ್ಲೆಯನ್ನು ಉಕ್ಕಿಗೆ ಅಂಟಿಸಿದರೆ, ತಟ್ಟುವ ಬೆರಳೂ ಅದೇ, ಕೇಳುವ ಕಿವಿಯೂ ಅದೇ. ಅದು ಎಬ್ಬಿಸಿದ ಸೂಕ್ಷ್ಮಕಂಪನ ಲೋಹದೊಳಗೆ ಹರಿದು, ಬಿರುಕಿಗೆ ತಾಗಿ, ಮಾರ್ಪಟ್ಟು ಮರಳುತ್ತದೆ.

ಆದರೆ ಸಾಕ್ಷಿಯೇ ತಪ್ಪು ನುಡಿದರೆ? ಬಿಸಿಲೇರಿದರೂ ಕಂಪನದ ರೀತಿ ಬದಲಾಗುತ್ತದೆ. ಅಂಟು ಸಡಿಲಿದರೂ, ಬಿಲ್ಲೆ ಚಕ್ಕೆಯೆದ್ದರೂ ಬದಲಾಗುತ್ತದೆ. ದೋಷ ಸೇತುವೆಯದೋ ಬಿಲ್ಲೆಯದೋ ತಿಳಿಯದು. ಬಿರುಕನ್ನು ಮರೆಮಾಚಿದ ಸಾಕ್ಷಿ ಪ್ರಾಣಕ್ಕೆ ಎರವಾದರೆ, ವೃಥಾ ಕೂಗುವ ಸಾಕ್ಷಿಯ ಮಾತನ್ನು ದಿನ ಕಳೆದಂತೆ ಯಾರೂ ಕೇಳರು.

ಆದಕಾರಣ ಸುಧಾರಕರ ಶ್ರಮ ಕಿವಿಯನ್ನು ಚುರುಕುಗೊಳಿಸುವುದರಲ್ಲಷ್ಟೇ ಮುಗಿಯಲಿಲ್ಲ. ಸುಸ್ಥಿತಿಯಲ್ಲಿರುವಾಗಲೇ ಬೇರೆ ಬೇರೆ ಉಷ್ಣತೆಗಳಲ್ಲಿ ಕಂಪನದ ರೀತಿಯನ್ನು ದಾಖಲಿಸಿಟ್ಟು, ಮುಂದೆ ಅದರೊಡನೆ ಹೋಲಿಸುವ ಕ್ರಮ ಬಂದಿತು. ಪಿಂಗಾಣಿಯ ಪೆಡಸುತನಕ್ಕೆ ಪರಿಹಾರವಾಗಿ ಅಮೆರಿಕದ ನಾಸಾ ಸಂಸ್ಥೆಯ ಲ್ಯಾಂಗ್ಲಿ ಕೇಂದ್ರದವರು 1990ರ ದಶಕದಲ್ಲಿ ಪಿಂಗಾಣಿಯ ಎಳೆಗಳನ್ನು ರಾಳದಲ್ಲಿ ಕೂಡಿಸಿ ಬಾಗುವ ಪಟ್ಟಿಯನ್ನು ರೂಪಿಸಿದರು. ಅದು ಡೊಂಕಾದ ಮೈಗೂ ಹೊಂದಿಕೊಂಡು ಕೂರುತ್ತದೆ. ಎಲ್ಲಕ್ಕಿಂತ ಸೊಗಸಾದುದು ಬಿಲ್ಲೆಯ ಆತ್ಮಪರೀಕ್ಷೆ. ವಿದ್ಯುತ್ತನ್ನು ಹಿಡಿದಿಡುವ ಅದರ ಶಕ್ತಿಯನ್ನು ಅಳೆದಾಗ, ಅಂಟು ಬಿಟ್ಟಿದ್ದರೆ ಅಳತೆ ಏರುತ್ತದೆ. ಬಿಲ್ಲೆ ಮುರಿದಿದ್ದರೆ ಇಳಿಯುತ್ತದೆ. ಹೀಗೆ ಬಿಲ್ಲೆ ಸೇತುವೆಯ ದೋಷವನ್ನು ಹೇಳುವ ಮೊದಲು ತನ್ನ ದೋಷವನ್ನು ತಾನೇ ಹೇಳಿಕೊಳ್ಳುತ್ತದೆ.

ತರ್ಕಶಾಸ್ತ್ರ ಎಲ್ಲರ ಮಾತನ್ನೂ ಪ್ರಮಾಣವೆಂದು ಒಪ್ಪದು. ಆಪ್ತನ ಮಾತಿಗೆ ಮಾತ್ರ ಆ ಪದವಿ. ಕಂಡುದನ್ನು ಕಂಡಂತೆ ನುಡಿಯುವವನು ಆಪ್ತ. ಸಾವಿರಾರು ಜನ ನಂಬಿ ಹೆಜ್ಜೆಯಿಡುವ ಸೇತುವೆಗೆ ಕಾವಲಿರುವ ಪುಟ್ಟ ಬಿಲ್ಲೆಯೂ ಈ ನಿಯಮಕ್ಕೆ ಹೊರತಲ್ಲ.