ಬೆಳಕೆಂಬ ಮದ್ದು

ಬೆಳೆದ ಹುಡುಗಿಯ ಕೆನ್ನೆಯ ಮೇಲೆ ಹುಣಿಸೆಬೀಜದಷ್ಟು ಬಿಳುಪು ಕಾಣಿಸಿತೆಂದರೆ, ವೈದ್ಯನಿಗಿಂತ ಮುಂಚೆ ಮನೆಯನ್ನು ಹೊಗುವುದು ಭಯ. ಮದುವೆಯ ಗತಿಯೇನೆಂದು ತಾಯಿ ಕೊರಗುತ್ತಾಳೆ; ಸರ್ಪದೋಷವೆಂದು ಅಜ್ಜಿ ಹರಕೆ ಹೊರುತ್ತಾಳೆ; ನೆರೆಮನೆಯಲ್ಲಿ ಕಾಫಿಯ ಲೋಟ ಬೇರೆಯಾಗುತ್ತದೆ. ಆದರೆ ತೊನ್ನು ಅಂಟುರೋಗವಲ್ಲ. ಕುಷ್ಠವಂತೂ ಅಲ್ಲವೇ ಅಲ್ಲ. ಚರ್ಮಕ್ಕೆ ಬಣ್ಣವೀಯುವ ಜೀವಕೋಶಗಳನ್ನು ದೇಹದ ರಕ್ಷಣಾಶಕ್ತಿಯೇ ಪರಕೀಯವೆಂದು ಬಗೆದು ನಾಶಮಾಡುವುದರಿಂದ ಆ ಬಿಳುಪು ಮೂಡುತ್ತದೆ.

ಇದಕ್ಕೆ ಬೆಳಕು ಮದ್ದಾದೀತೆಂಬ ಅರಿವು ನಮ್ಮವರಿಗೆ ಹೊಸದಲ್ಲ. ಬಾವಂಚಿಯ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಮೈಯೊಡ್ಡುವ ಪದ್ಧತಿ ಪುರಾತನವಾದುದು. ಆ ಬೀಜದಲ್ಲಿರುವ ಸೋರಲೆನ್ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮಗೊಳಿಸುತ್ತದೆ. ಆದರೆ ಅಳತೆ ಮೀರಿತೋ, ಬಣ್ಣದ ಬದಲು ಬೊಕ್ಕೆ ಏಳುತ್ತದೆ. ಮದ್ದೆಂದ ಮೇಲೆ ಬೆಳಕಿಗೂ ಪ್ರಮಾಣ ಬೇಡವೇ?

ದೀಪದ ಬೆಳಕಿನಿಂದ ಚಿಕಿತ್ಸೆ ಮಾಡುವ ಆಧುನಿಕ ವಿದ್ಯೆಗೆ ಅಡಿಪಾಯ ಹಾಕಿದವನು ನೀಲ್ಸ್ ಫಿನ್ಸೆನ್. ಫೆರೋ ದ್ವೀಪಗಳಲ್ಲಿ 1860ರಲ್ಲಿ ಜನಿಸಿ, ಸ್ವತಃ ದೀರ್ಘರೋಗಿಯಾಗಿದ್ದ ಆತ, ಕೋಪನ್‌ಹೇಗನ್ನಿನಲ್ಲಿ ಚರ್ಮದ ಕ್ಷಯಕ್ಕೆ ವಿದ್ಯುದ್ದೀಪದ ಕಿರಣಗಳನ್ನು ಪ್ರಯೋಗಿಸಿದನು. 1903ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮರುವರ್ಷವೇ ಆತ ತೀರಿಕೊಂಡನು.

ಇಂದು ತೊನ್ನಿಗೆ ಸುಮಾರು 311 ನ್ಯಾನೊಮೀಟರಿನ ನೇರಳಾತೀತ ಕಿರಣಗಳನ್ನು ಬಳಸುತ್ತಾರೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ, ಕೊಳವೆದೀಪಗಳ ನಡುವೆ ಸ್ವಲ್ಪ ಹೊತ್ತು ನಿಲ್ಲಬೇಕು. ವಾರಕ್ಕೆ ಎರಡು ಮೂರು ಬಾರಿ, ಹಲವು ತಿಂಗಳು. ಫಲ ಕಾಣುವ ಬಗೆ ಸೋಜಿಗದ್ದು. ಬಿಳುಪಿನ ನಡುವೆ, ಕೂದಲಿನ ಬುಡದಲ್ಲಿ, ಸಾಸಿವೆಯಷ್ಟು ಕಂದು ಚುಕ್ಕೆಗಳು ಮೂಡುತ್ತವೆ. ಬಣ್ಣದ ಕೋಶಗಳ ಬೀಜ ಅಲ್ಲಿ ಅಡಗಿರುತ್ತದೆ. ಚುಕ್ಕೆಗಳು ಹರಡಿ ಒಂದನ್ನೊಂದು ಕೂಡುತ್ತವೆ. ಮುಖ ಬೇಗ ಒಲಿಯುತ್ತದೆ. ಕೂದಲಿಲ್ಲದ ತುಟಿ, ಬೆರಳತುದಿಗಳು ಸುಲಭವಾಗಿ ಒಲಿಯವು. ಕೆಲವರಲ್ಲಿ ಹೋದ ಬಿಳುಪು ಮರಳುವುದೂ ಉಂಟು.

ಆದ್ದರಿಂದ ಹುಡುಗಿಗೆ ಮನೆಯವರು ಕೊಡಬೇಕಾದುದು ಅವಸರವನ್ನಲ್ಲ. ದಿನಕ್ಕೆ ಹತ್ತು ಸಲ ಅವಳ ಕೆನ್ನೆಯನ್ನು ಪರೀಕ್ಷಿಸುವ ಕಣ್ಣುಗಳು ಯಾವ ಕಿರಣಕ್ಕಿಂತಲೂ ಹೆಚ್ಚು ಸುಡಬಲ್ಲವು. ದೀಪ ತನ್ನ ಕೆಲಸವನ್ನು ನಿಧಾನವಾಗಿ ಮಾಡಲಿ. ಅದು ಮುಗಿಯುವವರೆಗೆ ಅರಿಸಿನ ಕುಂಕುಮಕ್ಕೆ ಅವಳನ್ನು ಕರೆಯದೆ ಕಾಯುವ ಅಗತ್ಯ ಯಾರಿಗೂ ಇಲ್ಲ.